ಲಾಕ್‌ಡೆಪ್: ಡ್ರೈವರ್ ಬರೆಯುವವರಿಗೆ ಕರ್ನಲ್‌ನೊಳಗೇ ಇರುವ ಪರಿಶೀಲಕ

ಒಂದೇ ಪ್ರೊಸೆಸರ್ ಇದ್ದ ಯಂತ್ರದಲ್ಲಿ ಇಂಟರಪ್ಟ್‌ಗಳನ್ನು (ನಡೆಯುತ್ತಿರುವ ಕೆಲಸವನ್ನು ನಡುವೆಯೇ ನಿಲ್ಲಿಸುವ ಸಂಕೇತಗಳನ್ನು) ತಡೆಹಿಡಿದರೆ, ಸಾಧನವನ್ನು ನಡೆಸುವ ಕರ್ನಲ್ ಭಾಗವಾದ ಡ್ರೈವರ್‌ನ ದತ್ತಾಂಶ ಬಹುಮಟ್ಟಿಗೆ ಸುರಕ್ಷಿತವಾಗಿರುತ್ತಿತ್ತು. ಹಲವು ಪ್ರೊಸೆಸರ್‌ಗಳಿರುವಲ್ಲಿ ಆ ಉಪಾಯ ಸಾಲದು, ಸ್ಪಿನ್‌ಲಾಕ್, ಅಂದರೆ ಬಿಡುಗಡೆಯಾಗುವವರೆಗೆ ಪ್ರೊಸೆಸರ್ ಸುತ್ತುತ್ತಾ ಕಾಯುವ ಬೀಗ, ಬೇಕೇ ಬೇಕು. ಸ್ಪಿನ್‌ಲಾಕ್ ಬಂದರೆ ಡೆಡ್‌ಲಾಕ್‌ನ, ಅಂದರೆ ಎಂದೂ ಬಿಡುಗಡೆಯಾಗದ ಲಾಕ್‌ಗಾಗಿ ಕಾದು ಸಿಕ್ಕಿಕೊಳ್ಳುವ, ಭಯವೂ ಜೊತೆಗೇ ಬರುತ್ತದೆ. ಇಂಗೊ ಮೊಲ್ನಾರ್ ಮುಂತಾದವರು ರೂಪಿಸಿದ, 2006ರಲ್ಲಿ ಲಿನಕ್ಸ್ 2.6.18ರೊಂದಿಗೆ ಬಂದ, ಲಾಕ್‌ಗಳನ್ನು ಹಿಡಿಯುವ ರೀತಿಯನ್ನು ಗಮನಿಸುವ ಲಾಕ್‌ಡೆಪ್ ಈ ಭಯವನ್ನು ಬಹಳಷ್ಟು ತಗ್ಗಿಸುತ್ತದೆ. ಅಭಿವೃದ್ಧಿಯ ಹಂತದಲ್ಲಿ ಇದನ್ನು ಆಫ್ ಮಾಡಿಟ್ಟು ಡ್ರೈವರ್ ಬರೆಯುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ.

ಯಂತ್ರ ನಿಜವಾಗಿ ಸ್ತಬ್ಧವಾಗುವವರೆಗೆ ಕಾಯದಿರುವುದೇ ಇದರ ಹೆಚ್ಚುಗಾರಿಕೆ. ಒಮ್ಮೆ ಮೊದಲ ಲಾಕ್ ಹಿಡಿದು ಎರಡನೆಯದನ್ನೂ, ಗಂಟೆಗಳ ನಂತರ ಇನ್ನೆಲ್ಲೋ ಎರಡನೆಯದನ್ನು ಹಿಡಿದು ಮೊದಲನೆಯದನ್ನೂ ಹಿಡಿದದ್ದು ಕಂಡರೆ ಸಾಕು, ಅದು ದೂರು ದಾಖಲಿಸುತ್ತದೆ. ರೈಟ್ ಮಾರ್ಗದಲ್ಲಿ (ದತ್ತಾಂಶ ಬರೆಯುವ ಕೋಡ್‌ನಲ್ಲಿ) ಇಂಟರಪ್ಟ್ ತಡೆಯದೆ ಬರಿಯ ಸ್ಪಿನ್_ಲಾಕ್ ಕರೆದು, ಇಂಟರಪ್ಟ್ ಬಂದಾಗ ಓಡುವ ಇಂಟರಪ್ಟ್ ಹ್ಯಾಂಡ್ಲರ್‌ನಲ್ಲಿಯೂ ಅದೇ ಲಾಕ್ ಹಿಡಿಯುವ ಡ್ರೈವರ್ ಒಂದನ್ನು ಕೊಟ್ಟು ನೋಡಿ: 'ಇನ್‌ಕನ್ಸಿಸ್ಟೆಂಟ್ ಲಾಕ್ ಸ್ಟೇಟ್' ಎಂಬ ಶೀರ್ಷಿಕೆಯಡಿ, ಆ ಲಾಕ್ ಎಲ್ಲೆಲ್ಲಿ ಯಾವ ಸ್ಥಿತಿಯಲ್ಲಿ ಹಿಡಿಯಲ್ಪಟ್ಟಿತು ಎಂಬುದನ್ನು ಕರೆಗಳ ಸರಪಳಿ ಸಮೇತ ಮುದ್ರಿಸುತ್ತದೆ. ವರದಿಯ ಕೊನೆಯ ಚಿಕ್ಕ ಚಿತ್ರಣದಲ್ಲಿ ಸಿಪಿಯು0 ಎಂಬ ಪ್ರೊಸೆಸರ್ ಒಂದೇ ಇರುವುದು ಗಮನಾರ್ಹ. ಲಾಕ್ ಹಿಡಿದ ಪ್ರೊಸೆಸರ್‌ಗೇ ಇಂಟರಪ್ಟ್ ಬಂದಾಗ, ತನ್ನಿಂದಲೇ ಬಿಡುಗಡೆಯಾಗಬೇಕಾದ ಲಾಕ್‌ಗಾಗಿ ಅದು ಸುತ್ತುತ್ತಲೇ ಉಳಿಯುತ್ತದೆ. ರೈಟ್ ಮಾರ್ಗದಲ್ಲಿ, ಇಂಟರಪ್ಟ್ ತಡೆದು ಲಾಕ್ ಹಿಡಿಯುವ ಸ್ಪಿನ್_ಲಾಕ್_ಐಆರ್‌ಕ್ಯೂಸೇವ್ ಬಳಸಿದರೆ ಮುಗಿಯಿತು.

ಕೊರತೆಗಳೂ ಸಣ್ಣವಲ್ಲ. ವರದಿಯಲ್ಲಿನ ಪುಷ್ಪಾವರಣಗಳೂ ಚುಕ್ಕಿಗಳೂ ಹೊಸಬರಿಗೆ ಲಿಪಿಯಿಲ್ಲದ ಶಾಸನದಂತೆ ಕಾಣುತ್ತವೆ. ಮೊದಲ ದೂರಿನ ನಂತರ ಪರಿಶೀಲನೆ ತಾನೇ ನಿಂತುಬಿಡುವುದರಿಂದ, ಬೇರೆಯವರ ಡ್ರೈವರ್‌ನ ದೋಷ ಮೊದಲು ಸಿಕ್ಕಿಬಿದ್ದರೆ ಯಂತ್ರವನ್ನು ಮರುಪ್ರಾರಂಭಿಸುವವರೆಗೆ ನಿಮ್ಮದರ ಸುದ್ದಿಯೇ ಇರುವುದಿಲ್ಲ. ಒಂದೇ ವರ್ಗದ (ಅದು ಒಂದೇ ಬಗೆಯವೆಂದು ಎಣಿಸುವ) ಎರಡು ಲಾಕ್‌ಗಳನ್ನು ಸಕಾರಣವಾಗಿ ಒಟ್ಟಿಗೆ ಹಿಡಿದರೂ ಅದು ಗದರಿಸುತ್ತದೆ. ಆಗ, ಹಾಗೆ ಹಿಡಿಯುವುದು ಉದ್ದೇಶಪೂರ್ವಕವೆಂದು ತಿಳಿಸುವ 'ನೆಸ್ಟೆಡ್' ರೂಪ ಬಳಸಬೇಕು, ಆದರೆ ಅದನ್ನು ಕೇವಲ ಬಾಯಿ ಮುಚ್ಚಿಸಲು ಬಳಸುವವರೇ ಹೆಚ್ಚೆಂದು ತೋರುತ್ತದೆ. ವೇಗ ಕುಗ್ಗುವುದರಿಂದ ಗ್ರಾಹಕರಿಗೆ ಕೊಡುವ ಕರ್ನಲ್‌ನಲ್ಲಿ ಇದಕ್ಕೆ ಜಾಗವಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಚಲಾಯಿಸದ ಮಾರ್ಗವನ್ನು ಅದು ಕಾಣದು, ಹಿಡಿಯಲೇಬೇಕಿದ್ದ ಲಾಕ್ ಹಿಡಿಯದಿದ್ದರೆ ತಾನಾಗಿ ಹೇಳದು. ಎರಡನೆಯದಕ್ಕೆ ಆಯಾ ಫಂಕ್ಷನ್‌ನ ಆರಂಭದಲ್ಲಿ, ಲಾಕ್ ಹಿಡಿದಿದೆಯೇ ಎಂದು ನೋಡುವ ಲಾಕ್‌ಡೆಪ್_ಅಸರ್ಟ್_ಹೆಲ್ಡ್ ಬರೆದಿಡುವುದು ಒಳ್ಳೆಯ ರೂಢಿ, 2020ರ 5.8ನೇ ಆವೃತ್ತಿಯಿಂದ ಲಭ್ಯವಿರುವ ಕೆಸಿಎಸ್‌ಎಎನ್ ಎಂಬ ಪರಿಶೀಲಕವನ್ನು ಮತ್ತೊಂದು ಬಿಲ್ಡ್‌ನಲ್ಲಿ ಓಡಿಸಿದರೆ ಡೇಟಾ ರೇಸ್‌ಗಳೂ (ಒಂದೇ ದತ್ತಾಂಶವನ್ನು ರಕ್ಷಣೆಯಿಲ್ಲದೆ ಏಕಕಾಲಕ್ಕೆ ಮುಟ್ಟುವ ದೋಷಗಳೂ) ಸಿಗುತ್ತವೆ. ಮೊದಲನೆಯದಕ್ಕೆ, ದತ್ತಾಂಶ ಹರಿಯುತ್ತಿರುವಾಗಲೇ ಮಾಡ್ಯೂಲ್ ಕಿತ್ತು ಮತ್ತೆ ಹಾಕುವ ಪರೀಕ್ಷೆಯನ್ನು ನಾವೇ ಬರೆಯಬೇಕಾಗುತ್ತದೆ.