ಗಂಟಲ ಬಯಾಪ್ಸಿ: ಕುರ್ಚಿಯಲ್ಲೋ, ಆಪರೇಷನ್ ಥಿಯೇಟರಿನಲ್ಲೋ?

ತಂದೆಯವರ ದನಿ ಒಡೆದು ತಿಂಗಳಾಯಿತು, ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಕರೆದೊಯ್ಯುತ್ತೇವೆ, ಯಾವ ಬಯಾಪ್ಸಿ (ಗಂಟಲಿನ ಚೂರು ತೆಗೆದು ಪರೀಕ್ಷಿಸುವುದು) ಒಳ್ಳೇದು ಅಂತ ಕೇಳಿದ್ದೀರಿ. ತೋರಿಸಲು ಹೊರಟಿದ್ದೇ ಒಳ್ಳೇದಾಯ್ತು. ಎಲೆಅಡಿಕೆ, ಬೀಡಿ ಅಭ್ಯಾಸವಿದ್ದರಂತೂ ತಡ ಮಾಡಲೇಬಾರದು.

ಕುರ್ಚಿಯಲ್ಲಿ ಕೂರಿಸಿ ಮಾಡುವುದು ಸರಳ. ಮೂಗು, ಗಂಟಲಿಗೆ ಜೋಮು ಹಿಡಿಸುವ ಲಿಗ್ನೊಕೇನ್ ಸ್ಪ್ರೇ ಹೊಡೆಯುತ್ತಾರೆ. ನಾಲಿಗೆ ಬುಡ ದಪ್ಪಗಾದಂತೆ, ಉಗುಳು ನುಂಗಿದ್ದೂ ಗೊತ್ತಾಗದಂತೆ ಅನಿಸುತ್ತದೆ. ತೆಳ್ಳನೆ ಸ್ಕೋಪ್ (ಒಳಗೆ ನೋಡುವ ಕೊಳವೆ) ಇಳಿಸಿ ಪುಟ್ಟ ಚಿಮಟದಿಂದ ಚೂರು ಕೀಳುತ್ತಾರೆ. ಜೋಮು ಬಿಡುವ ತನಕ ಕಾಫಿಯೂ ಬೇಡ, ಶ್ವಾಸನಾಳಕ್ಕೆ ಇಳಿದೀತು. ಸಾಮಾನ್ಯವಾಗಿ ಸಂಜೆ ಬಸ್ಸಿಗೆ ಮನೆ, ಖರ್ಚೂ ಕಡಿಮೆ.

ಥಿಯೇಟರಿನಲ್ಲಾದರೆ ಪೂರ್ತಿ ಅರಿವಳಿಕೆ. ಮೊದಲು ರಕ್ತಪರೀಕ್ಷೆ, ಇಸಿಜಿ. ಊಟವಾಗಿ ಕನಿಷ್ಠ 6 ಗಂಟೆ ಕಳೆದಿರಬೇಕು. ಅಲ್ಲಾಡುವ ಹಲ್ಲಿದ್ದರೆ ಮೊದಲೇ ಹೇಳಿ.

ನಿಜವಾದ ವ್ಯತ್ಯಾಸ ಇರುವುದು ನಿಖರತೆಯಲ್ಲಿ. ಕುರ್ಚಿಯಲ್ಲಿ ಸಿಗುವ ಚೂರು ತುಂಬಾ ಚಿಕ್ಕದು, ಮೇಲ್ಪದರದ್ದೇ ಜಾಸ್ತಿ. ಅದರಲ್ಲಿ ಕ್ಯಾನ್ಸರ್ ಕಂಡರೆ ವರದಿಯನ್ನು ಬಹುಮಟ್ಟಿಗೆ ನಂಬಬಹುದು. 'ಇಲ್ಲ' ಎಂದು ಬಂದರೆ ಮಾತ್ರ ಅದೇ ಕೊನೆಯ ಮಾತಲ್ಲ, ರೋಗ ಕೆಳಪದರದಲ್ಲಿ ಕೂತಿರಬಹುದು ಅಲ್ವಾ? ವೈದ್ಯರಿಗೆ ಅನುಮಾನ ಉಳಿದರೆ ಥಿಯೇಟರಿನಲ್ಲಿ ಮತ್ತೆ ತೆಗೆಸಲೇಬೇಕು. ಅಲ್ಲಿ ಮೈಕ್ರೋಸ್ಕೋಪಿನಡಿ ಆಳದ, ದೊಡ್ಡ ಚೂರು ಸಿಗುತ್ತದೆ.

ಹೃದಯ, ಶ್ವಾಸಕೋಶ ದುರ್ಬಲವಾಗಿದ್ದು, ಗಡ್ಡೆ ಎದ್ದು ಕಾಣುತ್ತಿದ್ದರೆ ನಾನು ಕುರ್ಚಿಯನ್ನೇ ಮೊದಲು ಕೇಳುತ್ತೇನೆ. ಸಣ್ಣ ಬಿಳಿ ಮಚ್ಚೆ, ಧ್ವನಿತಂತುವಿನ ಕೆಳಗಿನ ಗಾಯ, ಮುಟ್ಟಿದರೆ ಓಕರಿಕೆ ಬರುವವರಿಗೆ ಥಿಯೇಟರೇ ಸರಿ. ರಕ್ತ ತೆಳುವಾಗುವ ಮಾತ್ರೆ ಇದ್ದರೆ ಎರಡಕ್ಕೂ ಮುಂಚೆ ಹೇಳಿ, ನೀವಾಗೇ ನಿಲ್ಲಿಸಬೇಡಿ. ಉಸಿರು ಕಟ್ಟುತ್ತಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ನೇರ ತುರ್ತು ವಿಭಾಗಕ್ಕೆ ಹೋಗಿ.