ಬ್ಯಾಟರಿ ವಿಡಿಯೋ ಡೋರ್‌ಬೆಲ್ ತಗೊಳ್ಳೂ ಮುಂಚೆ ಇದನ್ನ ಓದ್ರಿ: ಧಾರವಾಡದ ಮನ್ಯಾಗ ನನಗಾದ ಮೋಸ

ಇದನ್ನ ಬರೀಬಾರದು ಅಂತ ಎರಡು ವಾರ ಸುಮ್ಮನ ಕುಂತಿದ್ದೆ. ನಾಚಿಕಿ ಆಗಿತ್ತು. ಯಾವ ಫೋನ್ ತಗೋಬೇಕು, ಯಾವ ಇನ್ವರ್ಟರ್ ಛಲೋ ಅಂತ ನಾಲ್ಕು ಮಂದಿ ಕೇಳಿಕೊಂಡು ಬರೂದು ನನ್ನ ಹತ್ರ. ಅಂಥಾವ ನಾನ ಹೀಂಗ ಸಿಕ್ಕೊಂಡೆ ಅಂತ ಹೆಂಗ ಹೇಳೂದು? ಆದ್ರ ಮೊನ್ನೆ ನಮ್ಮ ಆಫೀಸಿನ ಹುಡುಗ ಒಬ್ಬ ಅದೇ ಅಂಗಡಿ ಚೀಲದಾಗ ಅದೇ ಡಬ್ಬಿ ಹಿಡ್ಕೊಂಡು ಬಂದ. "ಸರ, ಆರು ತಿಂಗಳು ಚಾರ್ಜ್ ಮಾಡೂದ ಬ್ಯಾಡಂತ್ರಿ" ಅಂದ. ಅದೇ ಮಾತು. ನನಗ ಹೇಳಿದ್ದೂ ಒಂದಕ್ಷರ ಬಿಡದಂಗ ಅದೇ ಮಾತು. ಅವತ್ತ ಬರೀಬೇಕು ಅನಿಸ್ತು.

ನಾ ಇರೂದು ಹುಬ್ಬಳ್ಳಿ ವಿದ್ಯಾನಗರದಾಗ. ಅವ್ವ ಧಾರವಾಡ ಮಾಳಮಡ್ಡಿಯ ಹಳೇ ಮನ್ಯಾಗ ಒಬ್ಬಾಕಿನ ಇರತಾಳ. 74 ವರ್ಷ, ಮಣಕಾಲು ನೋವು. ಪಡಸಾಲಿಯಿಂದ ಮೂರು ಪಾವಟಿಗಿ ಇಳಿದು ಅಂಗಳ ದಾಟಿ ಗೇಟಿಗೆ ಹೋಗೂದ್ರಾಗ ಬಂದವರು ಹೋಗಿರತಾರ. ಇಲ್ಲಾ, ಗುರ್ತಿಲ್ಲದವರು ಗೇಟ್ ತೆಗಿಸಿ ಸೀದಾ ಕಟ್ಟಿ ಮ್ಯಾಲ ಬಂದು ಕೂಡತಾರ. ಬೆಲ್ ಒತ್ತಿದ್ರ ನನ್ನ ಫೋನಿನಾಗ ಮುಖ ಕಾಣಬೇಕು, ಇಂಥವರು ಬಂದಾರ ಅಂತ ನಾ ಅವ್ವಗ ಫೋನ್ ಮಾಡಿ ಹೇಳಬೇಕು. ಇಷ್ಟ ನಾ ಬಯಸಿದ್ದು. ಗೇಟಿನ ಕಂಬಕ್ಕ ಹೊಸಾ ವೈರ್ ಎಳೀಬೇಕಂದ್ರ ಗ್ವಾಡಿ ಒಡೀಬೇಕು ಅಂತ ಎಲೆಕ್ಟ್ರಿಶಿಯನ್ ಅಂದಿದ್ದ. ಅದಕ್ಕ ಬ್ಯಾಟರೀದು ಹುಡುಕಿಕೊಂಡು ಹೋದೆ.

ಹುಬ್ಬಳ್ಳಿ ಪ್ಯಾಟ್ಯಾಗಿನ ದೊಡ್ಡ ಅಂಗಡಿ. ಹೆಸರು ಬರಿಯಂಗಿಲ್ಲ. ಕೌಂಟರಿನ ಮ್ಯಾಲ ಕರೇ ಹಲಗಿಗೆ ಒಂದು ಡೋರ್‌ಬೆಲ್ ಹಚ್ಚಿ ಇಟ್ಟಿದ್ರು. ಹುಡುಗ ಒತ್ತಿದ, ಕಣ್ಣು ಮುಚ್ಚಿ ತೆಗಿಯೂದ್ರಾಗ ಅವನ ಫೋನಿನಾಗ ನನ್ನ ಮುಖ. ಸ್ವಚ್ಛ, ಕನ್ನಡಿ ನೋಡಿದಂಗ. ನಾ ಮೂರ ಪ್ರಶ್ನೆ ಕೇಳಿದೆ. ಮೂರೂ ನೆನಪದಾವ, ಉತ್ತರಾನೂ ನೆನಪದಾವ.

"ಬ್ಯಾಟರಿ ಎಷ್ಟ ದಿನ ಬರತೈತಿ?"

"ಆರು ತಿಂಗಳು ಚಾರ್ಜ್ ಮಾಡೂದ ಬ್ಯಾಡ್ರಿ ಸರ."

"ಕರೆಂಟ್ ಹೋದ್ರ?"

"ಬ್ಯಾಟರೀದಲ್ರಿ, ಕರೆಂಟ್ ಹೋದ್ರೇನು ಬಂದ್ರೇನು. ನಡೀತಾನ ಇರತೈತಿ."

"ನಮ್ಮ ಗೇಟು ಮನಿಯಿಂದ ದೂರ ಐತಿ, ವೈಫೈ ಸಿಗತೈತೇನು?"

"ಫೋನಿಗೆ ಸಿಗತೈತಲ್ರಿ? ಹಂಗಾರ ಇದಕ್ಕೂ ಸಿಗತೈತಿ."

8,200 ರೂಪಾಯಿ ಕೊಟ್ಟೆ. ಒಳಗ ಬಾರಿಸೂ ಗಂಟಿ ಬ್ಯಾರೆ ತಗೋಬೇಕಂತ, ಅದು ಬಿಲ್ ಮಾಡೂ ಹೊತ್ತಿಗೆ ಗೊತ್ತಾತು. ಅದಕ್ಕ 1,400. ಒಟ್ಟು 9,600. ಎಲೆಕ್ಟ್ರಿಶಿಯನ್ ಬಂದು ಹಳೇ ಬೆಲ್ ಕಿತ್ತು, ತೂತಿಗೆ ಸಿಮೆಂಟ್ ಮೆತ್ತಿ, ಹೊಸಾದು ಹಚ್ಚಿ ಹೋದ. ಅವ್ವ ಅಂದಿದ್ಲು, "ಅದೂ ಇರಲಿ ಬಿಡೋ ತಮ್ಮಾ, ಏನ್ ಅನ್ನ ಕೇಳತೈತೇನು?" ನಾ ಕೇಳಲಿಲ್ಲ.

ಒಂಬತ್ತನೇ ದಿನಕ್ಕ ಬ್ಯಾಟರಿ 12 ಪರ್ಸೆಂಟ್.

ಆರು ತಿಂಗಳು ಅಂದಿದ್ರು. ಒಂಬತ್ತು ದಿನ. ಮೊದಲನೇ ಸಲ ಪೂರ್ತಿ ಚಾರ್ಜ್ ಆಗಿರಲಿಕ್ಕಿಲ್ಲ ಅಂದ್ಕೊಂಡೆ. ರವಿವಾರ ಧಾರವಾಡಕ್ಕ ಹೋಗಿ, ಅವರು ಕೊಟ್ಟ ಸೂಜಿಯಂಥಾ ಕೀಲಿಯಿಂದ ಬಿಚ್ಚಿ, ಆರು ತಾಸು ಚಾರ್ಜಿಗೆ ಇಟ್ಟೆ. ಆ ಆರು ತಾಸು ಗೇಟಿಗೆ ಬೆಲ್ಲೇ ಇಲ್ಲ. ಮತ್ತ ಹಚ್ಚಿದೆ. ಮತ್ತ ಒಂಬತ್ತು ದಿನ.

ಆಮ್ಯಾಲೆ ಡಬ್ಬಿ ಹುಡುಕಿ ತೆಗೆದು ಓದಿದೆ. "ಆರು ತಿಂಗಳು" ಅಂತ ಬೊಟ್ಟಿನಷ್ಟು ದೊಡ್ಡ ಅಕ್ಷರ. ಅದರ ಬಾಜೂಕ ಒಂದು ನಕ್ಷತ್ರ. ಡಬ್ಬಿಯ ತಳದಾಗ ಅದೇ ನಕ್ಷತ್ರದ ಕೆಳಗ ಸಾಸಿವಿ ಕಾಳಿನಷ್ಟು ಅಕ್ಷರದಾಗ ಬರದಾರ: ದಿನಕ್ಕ 10 ಸಲ, ಪ್ರತಿ ಸಲ 10 ಸೆಕೆಂಡ್ ಎಚ್ಚರಾದ್ರ ಮಾತ್ರ ಆರು ತಿಂಗಳು. ಈ ಬೆಲ್ಲುಗಳು ಯಾವಾಗ್ಲೂ ಮಲಗಿರತಾವ. ಮುಂದ ಮೈ ಬಿಸಿ ಇರೂ ಮನಷ್ಯಾನೋ ಪ್ರಾಣೀನೋ, ಬಿಸಿ ಎಂಜಿನ್ನಿನ ಗಾಡೀನೋ ಹಾದು ಹೋದ್ರ ಒಳಗಿನ ಸೆನ್ಸರ್ ಎಬ್ಬಸತೈತಿ. ಆಗ ಕ್ಯಾಮೆರಾ ಚಾಲೂ ಆಗಬೇಕು, ವೈಫೈ ಹಿಡೀಬೇಕು, ಕಂಪನಿ ಸರ್ವರಿಗೆ ವಿಡಿಯೋ ಕಳಸಬೇಕು. ಎದ್ದ ಪ್ರತಿ ಸಲಾನೂ ಬ್ಯಾಟರಿ ಖರ್ಚು. ನಮ್ಮ ಗೇಟು ರಸ್ತಾಕ್ಕ. ಒಂದು ರವಿವಾರ ಕುಂತು ಎಣಿಸಿದೆ. ಕಾಯಿಪಲ್ಲೆ ಗಾಡಿ, ಆಟೋ, ಆಕಳು, ನಾಯಿ, ಕ್ರಿಕೆಟ್ ಆಡೂ ಹುಡುಗ್ರು. ಮುಂಜಾನಿಂದ ರಾತ್ರಿ ತನಕ 143 ಸಲ ಎಚ್ಚರಾತು. ಈಗ ಲೆಕ್ಕಾ ಹಾಕ್ರಿ. ದಿನಕ್ಕ 10ರಂಗ 180 ದಿನ ಅಂದ್ರ 1,800 ಸಲ. ನಮ್ಮಲ್ಲಿ 13 ದಿನಕ್ಕ ಅಷ್ಟೂ ಮುಗೀತು. ಇನ್ನ ವೈಫೈ ಸೋತಿದ್ರ ವಿಡಿಯೋ ತುಂಡು ತುಂಡಾಗಿ ಮತ್ತ ಮತ್ತ ಕಳಸಬೇಕು, ಅಷ್ಟೂ ಹೊತ್ತು ಎಚ್ಚರನ ಇರಬೇಕು. ಗೇಟಿನ ಹತ್ರ ನಿಂತು ವೈಫೈ ಸಿಗ್ನಲ್ ಅಳದೆ. ಮೈನಸ್ 79 ಡಿಬಿಎಂ, ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಸೋತೈತಿ ಅಂತ ಅರ್ಥ. ಮೈನಸ್ 70 ದಾಟಿತಂದ್ರ ವಿಡಿಯೋಕ್ಕ ತ್ರಾಸ ಶುರು. ನಮ್ಮದು ಕಲ್ಲಿನ ಗ್ವಾಡಿ, ಎರಡು ಫೂಟ್ ದಪ್ಪ, ಒಳಗಿನ ಸಿಗ್ನಲ್ ಅಲ್ಲೇ ಸಾಯತೈತಿ. ಹಿಂಗಾಗಿ 13 ಇದ್ದಿದ್ದು 9 ಆತು. ಈ ಲೆಕ್ಕಾ ಹತ್ತು ನಿಮಿಷದ್ದು. ಅಂಗಡ್ಯಾಗ "ನಿಮ್ಮ ಗೇಟು ರಸ್ತಾಕ್ಕ ಐತೇನ್ರಿ" ಅಂತ ಒಂದ ಮಾತು ಕೇಳಿದ್ರ ಸಾಕಿತ್ತು. ಕೇಳಲಿಲ್ಲ.

ಇಷ್ಟಾದ್ರೂ ನಾ ಸಹಿಸ್ಕೊಂಡಿದ್ದೆ. ಸಹಿಸಲಾರದ್ದು ಆಮ್ಯಾಲೆ ಆಗಿದ್ದು.

ಏಪ್ರಿಲ್ ತಿಂಗಳ ಸುಡುಸುಡು ಬಿಸಲು. ಗದಗಿನಿಂದ ನಮ್ಮ ದೊಡ್ಡವ್ವ ಬಂದಿದ್ಲು, ಅವ್ವನ ಅಕ್ಕ. 79 ವರ್ಷ. ಕೈಯಾಗ ಖಟಕ ರೊಟ್ಟಿ, ಶೇಂಗಾ ಹಿಂಡಿ ಗಂಟು. ಆಕಿ ಹತ್ರ ಫೋನಿಲ್ಲ. ಧಾರವಾಡ ಸ್ಟೇಶನ್ನಿನಿಂದ ಆಟೋದಾಗ ಬಂದು ಗೇಟಿನ ಮುಂದ ಇಳಿದಾಳ. ಆ ಹೊತ್ತಿಗೆ ಕರೆಂಟ್ ಹೋಗಿತ್ತು. ಒಳಗಿನ ಗಂಟಿ ಇರೂದು ಕರೆಂಟಿನ ಪ್ಲಗ್ಗಿನಾಗ. ವೈಫೈ ಡಬ್ಬೀನೂ ಕರೆಂಟಿನ ಮ್ಯಾಲ. ಎರಡೂ ಬಂದ್. ಅಂದ್ರ ಒಳಗ ಸಪ್ಪಳಿಲ್ಲ, ನನ್ನ ಫೋನಿಗೂ ಏನೂ ಬರಲಿಲ್ಲ.

ಆದ್ರ ಹೊರಗಿನ ಬೆಲ್ಲಿಗೆ ಬ್ಯಾಟರಿ ಐತಲ್ಲ? ಅದು ಒತ್ತಿದಾಗೊಮ್ಮೆ ತಾನ ಟಿಂಗ್ ಟಾಂಗ್ ಅಂತೈತಿ, ನೀಲಿ ಬೆಳಕು ತೋರಸತೈತಿ. ಒತ್ತಿದವರಿಗೆ ಬೆಲ್ ಒಳಗ ಬಾರಿಸ್ತು ಅಂತನ ಅನಸತೈತಿ. ಹಳೇ ಬೆಲ್ ಕರೆಂಟ್ ಹೋದ್ರ ಪೂರಾ ಸುಮ್ಮನ ಇರತಿತ್ತು. ಬಂದವರಿಗೆ ಗೊತ್ತಾಗತಿತ್ತು, ಗೇಟಿನ ಚಿಲಕ ಬಡೀತಿದ್ರು, ಇಲ್ಲಾ "ಅವ್ವಾರ" ಅಂತ ಕೂಗತಿದ್ರು. ಈ ಹಾಳಾದ್ದು ಬಂದವರನ್ನ ನಂಬಿಸಿ ನಿಂದ್ರಸತೈತಿ.

ದೊಡ್ಡವ್ವ ಮುಕ್ಕಾಲು ತಾಸು ನಿಂತಾಳ. ಮಧ್ಯಾಹ್ನದ ಬಿಸಲಾಗ. ಕಡೀಕೆ ಬಾಜೂ ಮನಿ ಕಾಕು ಅರಬಿ ತೆಗಿಯಾಕ ಮಾಳಗಿ ಹತ್ತಿದವರು ನೋಡಿ, ಓಡಿ ಬಂದು ಒಳಗ ಕರಕೊಂಡು ಹೋಗ್ಯಾರ. ಅವ್ವ ಅಡಿಗಿಮನ್ಯಾಗ ಇದ್ಲು, ಆಕಿಗೆ ಏನೂ ಗೊತ್ತಿಲ್ಲ. ಸಂಜಿಮುಂದ ನಾ ಹೋದಾಗ ದೊಡ್ಡವ್ವ ಅಂದ್ಲು, "ಏಳೆಂಟು ಸಲ ಒತ್ತಿದೆನೋ ಯಪ್ಪಾ, ಟಿಂಗ್ ಟಾಂಗ್ ಅಂತ ಕೇಳಸ್ತು. ಯಾರೂ ಬರಲಿಲ್ಲ. ತಂಗಿಗೆ ನನ್ನ ಮ್ಯಾಲ ಸಿಟ್ಟು ಬಂದೈತೇನೋ ಅನಿಸ್ತು."

ಆ ಮಾತು ಕೇಳಿ ನಾ ಅಲ್ಲಿ ಕೂಡಲಿಲ್ಲ. ಹೊರಗ ಬಂದು ಆ ಬೆಲ್ ಬಿಚ್ಚಿದೆ.

ಮರುದಿನ, ಅಂದ್ರ ತಗೊಂಡ 26ನೇ ದಿನಕ್ಕ, ಬೆಲ್ಲು, ಗಂಟಿ, ಡಬ್ಬಿ, ಬಿಲ್ಲು ಎಲ್ಲಾ ಹಿಡ್ಕೊಂಡು ಅಂಗಡಿಗೆ ಹೋದೆ. ಅದೇ ಹುಡುಗ ಇನ್ನೊಬ್ಬರಿಗೆ ಅದೇ ಡೆಮೋ ತೋರಸಾಕತ್ತಿದ್ದ. ಗಂಡ ಹೆಂಡ್ತಿ, ಹೆಗಲ ಮ್ಯಾಲ ಕೂಸು. "ಆರು ತಿಂಗಳು ಚಾರ್ಜ್ ಮಾಡೂದ ಬ್ಯಾಡ್ರಿ." ಮಾಲಕರು ಬರಲಿ ಅಂತ ನಾ ಕೌಂಟರಿನ ಕಡೀ ಬಾಜೂಕ ಸರಿದು ನಿಂತೆ. ಅಲ್ಲಿಂದ ಆ ಕರೇ ಹಲಗಿಯ ಬೆನ್ನು ಕಾಣತಿತ್ತು.

ಹಲಗಿಯ ಹಿಂದಿನಿಂದ ಒಂದು ಬಿಳೀ ವೈರ್ ಇಳದು ಕೌಂಟರಿನ ಕೆಳಗಿನ ಪ್ಲಗ್ಗಿಗೆ ಹೋಗಿತ್ತು. ವೈಫೈ ಡಬ್ಬಿ ಅಲ್ಲೇ ಎರಡು ಗೇಣು ದೂರದಾಗ.

ನಾ ಅದನ್ನ ನೋಡಕೋತ ಎಷ್ಟೊತ್ತು ನಿಂತೆ ಗೊತ್ತಿಲ್ಲ. ಮೈಯೆಲ್ಲಾ ಬಿಸಿ ಆತು. ಅವತ್ತ ನಾ ಇತ್ತಾಗಿನಿಂದ ನೋಡಿದ್ದೆ. ಎರಡು ಹೆಜ್ಜಿ ಅತ್ತಾಗ ನಿಂತಿದ್ರ ಕಾಣತಿತ್ತು. ಎರಡ ಹೆಜ್ಜಿ.

"ಇದೇನ್ರಿ ಇದು?" ಅಂತ ವೈರ್ ತೋರಿಸಿದೆ.

ಹುಡುಗ ಏನೂ ಮುಚ್ಚಿಡಲಿಲ್ಲ. "ಚಾರ್ಜಿಂಗ್ ವೈರ್ ರೀ ಸರ. ಡೆಮೋ ಪೀಸಲ್ರಿ, ದಿನಾ ಇಪ್ಪತ್ತು ಇಪ್ಪತ್ತೈದು ಮಂದಿ ಒತ್ತತಾರ. ಹಚ್ಚದಿದ್ರ ಚಾರ್ಜ್ ನಿಲ್ಲಂಗಿಲ್ರಿ."

ನಿಲ್ಲಂಗಿಲ್ಲ. ಅವನ ಬಾಯಿಂದನ ಬಂತು. ಇಪ್ಪತ್ತೈದು ಮಂದಿ ಒತ್ತಿದ್ರ ನಿಲ್ಲಂಗಿಲ್ಲ ಅಂತ ಇವರಿಗೆ ಗೊತ್ತು, ದಿನಾ ನೋಡತಾರ, ಆದ್ರೂ ನಮಗ ಆರು ತಿಂಗಳು ಅಂತಾರ. ಗಂಡ ಹೆಂಡ್ತಿ ಒಬ್ಬರ ಮುಖ ಒಬ್ಬರು ನೋಡಿ "ಆಮ್ಯಾಲೆ ಬರ್ತೀವ್ರಿ" ಅಂತ ಹೋದ್ರು. ಆಗ ಮಾಲಕರು ಬಂದ್ರು.

ಅವರ ಮಾತು ಇದ್ದದ್ದು ಇದ್ದಂಗ ಬರೀತೀನಿ. ಮೊದಲು: "ನಿಮ್ಮ ಜಾಗಾ ಸರಿ ಇಲ್ರಿ. ರಸ್ತಾಕ್ಕ ಮುಖ ಮಾಡಿ ಹಚ್ಚಬಾರದಿತ್ತು." ಗೇಟಿನ ಬೆಲ್ ರಸ್ತಾಕ್ಕ ಮುಖ ಮಾಡದ ಮತ್ತ ಹಿತ್ತಲಕ್ಕ ಮಾಡಬೇಕೇನು? ಆಮ್ಯಾಲೆ: "ಸೋಲಾರ್ ಪ್ಲೇಟ್ ಹಚ್ರಿ, 2,600 ಅಷ್ಟ. ವೈಫೈ ಎಕ್ಸ್‌ಟೆಂಡರ್ ಹಾಕ್ರಿ, 2,100." 9,600 ಕೊಟ್ಟಾವನ ಕಡೆ ಇನ್ನ 4,700 ಕೇಳಿದ್ರು, ಮುಖದ ಮ್ಯಾಲ ಒಂದು ಗೆರಿ ಅಲುಗಲಿಲ್ಲ. ವಾಪಸ್ ತಗೋರಿ ಅಂದೆ. "ಡಬ್ಬಿ ಒಡದೀರಿ, ಹಚ್ಚೀರಿ, ಇನ್ನ ಹೆಂಗ ತಗೊಳ್ಳೂದ್ರಿ? ಬಿಲ್ಲಿನ ಮ್ಯಾಲ ಬರದೈತಿ ನೋಡ್ರಿ." ಮಾರಿದ ಮಾಲು ವಾಪಸ್ ಇಲ್ಲ ಅಂತ ರಬ್ಬರ್ ಶಿಕ್ಕಾ ಹೊಡದಿದ್ರು. ಕಡೀಕೆ: "ಕಂಪನಿಗೆ ಫೋನ್ ಮಾಡ್ರಿ, ನಮ್ಮ ಕೈಯಾಗ ಏನಿಲ್ಲ."

ಕಂಪನಿಗೆ ಫೋನ್ ಮಾಡಿದೆ. ಹಿಂದಿ, ಇಂಗ್ಲಿಷ್ ಬಿಟ್ರ ಕನ್ನಡ ಇಲ್ಲ. ಸೆನ್ಸರ್ ಕಡಿಮಿ ಇಡ್ರಿ ಅಂದ್ರು. ಇಟ್ಟು ನೋಡೀನಿ, ಗೇಟಿನ ಮುಂದ ನಿಂತ ಮನಷ್ಯಾನ್ನೂ ಹಿಡಿಯಂಗಿಲ್ಲ ಅಂದೆ. ಹಂಗಾರ ಸೆನ್ಸರ್ ಬಂದ್ ಇಡ್ರಿ, ಬ್ಯಾಟರಿ ಬಾಳ ದಿನ ಬರತೈತಿ ಅಂದ್ರು. ಬಂದ್ ಇಟ್ರ ಬೆಲ್ ಒತ್ತದನ ಒಳಗ ಬಂದವರನ್ನ ಯಾರು ತೋರಸಬೇಕು? ನಿಮ್ಮ ತಾಳ್ಮೆಗೆ ಧನ್ಯವಾದ ಅಂತ ಹೇಳಿ ಫೋನ್ ಇಟ್ರು. ಮೂರು ಸಲ ಮಾಡೀನಿ, ಮೂರೂ ಸಲ ಧನ್ಯವಾದ.

ಇನ್ನೊಂದು ಹೇಳೂದು ಮರತಿದ್ದೆ. ಹಳೇ ವಿಡಿಯೋ ನೋಡಬೇಕಂದ್ರ ತಿಂಗಳಾ ರೊಕ್ಕ ಕಟ್ಟಬೇಕು. ಮೊದಲನೇ 30 ದಿನ ಪುಕಟ, ಅದರ ಮ್ಯಾಲ 199 ರೂಪಾಯಿ. ಇದು ಡಬ್ಬಿ ಮ್ಯಾಲ ಎಲ್ಲೂ ಇಲ್ಲ, ಅಂಗಡ್ಯಾಗ ಯಾರೂ ಹೇಳಲಿಲ್ಲ. ಮೆಮೊರಿ ಕಾರ್ಡ್ ಹಾಕೂ ಜಾಗಾನೂ ಇಲ್ಲ. 31ನೇ ದಿನದಿಂದ "ಗೇಟಿನಲ್ಲಿ ಯಾರೋ ಇದ್ದಾರೆ" ಅಂತ ಸುದ್ದಿ ಮಾತ್ರ ಬರತೈತಿ. ಯಾರು ಅಂತ ಒತ್ತಿದ್ರ ರೊಕ್ಕ ಕಟ್ರಿ ಅಂತೈತಿ.

ಈಗ ತಗೊಳ್ಳಾಕ ಹೊಂಟವರಿಗೆ. ಹಳೇ ಬೆಲ್ ಕೀಳಬ್ಯಾಡ್ರಿ, ಕೈಮುಗದು ಹೇಳ್ತೀನಿ. ಗೇಟಿನ ಹತ್ರ ನಿಂತು ವೈಫೈ ಅಳೀರಿ. ರಸ್ತಾಕ್ಕ ಗೇಟಿದ್ರ ಬ್ಯಾಟರೀದು ಬ್ಯಾಡ, ಗ್ವಾಡಿ ಒಡದ್ರೂ ಚಿಂತಿಲ್ಲ, ವೈರಿನದ ಹಾಕಸ್ರಿ. ವೈಫೈ ಮತ್ತ ಒಳಗಿನ ಗಂಟಿ ಎರಡೂ ಇನ್ವರ್ಟರ್ ಲೈನಿಗೆ ಕೊಡ್ರಿ. ಡೆಮೋ ಹಲಗಿಯ ಬೆನ್ನು ನೋಡ್ರಿ. ಅಪಾರ್ಟ್‌ಮೆಂಟಿನ ಮೂರನೇ ಮಜಲಿನ ಕದಕ್ಕ, ದಿನಕ್ಕ ನಾಲ್ಕು ಮಂದಿ ಬರೂ ಕಡೆ ಇದು ನಡೀಬಹುದು. ನಮ್ಮಂಥಾ ಮನಿಗೆ ಅಲ್ಲ.

ಆ ರಬ್ಬರ್ ಶಿಕ್ಕಾಕ್ಕ ಅಂಜಬ್ಯಾಡ್ರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷ ಇರೂ ಮಾಲನ್ನ ಬಿಲ್ಲಿನಾಗ ಬರದ ಅವಧಿ ಒಳಗ, ಅವಧಿ ಬರದಿಲ್ಲಂದ್ರ 30 ದಿನದೊಳಗ, ವಾಪಸ್ ತಗೊಳ್ಳಂಗಿಲ್ಲ ಅನ್ನೂದು ಅನುಚಿತ ವ್ಯಾಪಾರ ಪದ್ಧತಿ. ನಾ ಹೋಗಿದ್ದು 26ನೇ ದಿನಕ್ಕ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕ ಫೋನ್ ಮಾಡಿ ದೂರು ಕೊಟ್ಟೀನಿ, ನಂಬರ್ ಬಂದೈತಿ. ಅದರಿಂದ ಆಗಲಿಲ್ಲಂದ್ರ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕ ಹೋಗ್ತೀನಿ. ಮಾಲಿಗೆ ಕೊಟ್ಟ ರೊಕ್ಕ 5 ಲಕ್ಷದ ತನಕ ಇದ್ರ ಶುಲ್ಕ ಇಲ್ಲ, ಎರಡು ವರ್ಷದೊಳಗ ಹಾಕಬೇಕು. ಡಬ್ಬಿ, ಬಿಲ್ಲು, ವಾಟ್ಸಾಪಿನ ಮಾತು ಎಲ್ಲಾ ಇಟ್ಟೀನಿ. ನಿಮಗೂ ಯಾರಿಗರೆ ಇದೇ ಅನುಭವ ಆಗಿದ್ರ ಕಾಗದಾ ಪತ್ರಾ ಒಗೀಬ್ಯಾಡ್ರಿ.

ಆಫೀಸಿನ ಹುಡುಗ ಡಬ್ಬಿಯ ಸೀಲ್ ಒಡದಿರಲಿಲ್ಲ. ಅವತ್ತ ಸಂಜಿಮುಂದನ ವಾಪಸ್ ಒಯ್ದ. ರೊಕ್ಕ ಕೊಡಂಗಿಲ್ಲ, ಬ್ಯಾರೆ ಸಾಮಾನು ತಗೋರಿ ಅಂದ್ರಂತ, ಮಿಕ್ಸರ್ ತಗೊಂಡು ಬಂದ. ನಮ್ಮ ಗೇಟಿಗೆ ಕಳದ ರವಿವಾರ ಸಿಮೆಂಟ್ ಕೆತ್ತಿಸಿ ಹಳೇ ಬೆಲ್ ವಾಪಸ್ ಹಚ್ಚಸೀನಿ. ಈ ರವಿವಾರ ದೊಡ್ಡವ್ವನ್ನ ನಾನ ಗದಗಿಗೆ ಹೋಗಿ ಕರಕೊಂಡು ಬರತೀನಿ.