ಬಾತ್‌ರೂಮ್ ಸೋರಿಕೆಗೆ ಯುರಾನಿನ್ ಪುಡಿ: ಟೈಲ್ಸ್ ಒಡೆಯುವ ಮುಂಚೆ

ಮುಂಬೈ ಕಡೆಯ ಡೊಂಬಿವಲಿ, ಮುಲುಂಡ್, ಥಾಣೆಯ ಹಳೇ ಸೊಸೈಟಿಗಳಲ್ಲಿರುವ ನಮ್ಮವರಿಗೆ ಈ ಜಗಳ ಹೊಸದಲ್ಲ. ಕೆಳಗಿನ ಮನೆಯ ಛಾವಣಿ ಒದ್ದೆ. ಮೇಲಿನವರು ‘ನಮ್ಮದಲ್ಲ’ ಅನ್ನುತ್ತಾರೆ. ಪ್ಲಂಬರ್ ಬಂದವನೇ ಟೈಲ್ಸ್ ಒಡೆಯೋಣ ಅನ್ನುತ್ತಾನೆ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ ಟಾಯ್ಲೆಟ್, ಸಿಂಕ್‌ನಂಥ ಮನೆಯೊಳಗಿನ ಸೋರಿಕೆಯ ಖರ್ಚು ಸದಸ್ಯರದು, ಮಳೆನೀರು ಮತ್ತು ಹೊರಗಿನ ಸಾಮಾನ್ಯ ಪೈಪಿನದು ಸೊಸೈಟಿಯದು. ಹಾಗಾಗಿ ನೀರು ಎಲ್ಲಿಂದ ಬರುತ್ತಿದೆ ಅನ್ನುವುದರ ಮೇಲೆ ಯಾರ ಜೇಬು ಅನ್ನುವುದು ನಿಂತಿದೆ. ಅದನ್ನು ಒಡೆಯದೆಯೇ ತಿಳಿಯಲು ಯುರಾನಿನ್‌ಗಿಂತ ಅಗ್ಗದ, ನಂಬಬಹುದಾದ ಸಾಮಾನು ಸದ್ಯಕ್ಕಿಲ್ಲ.

ಇದು ನೀರಿನಲ್ಲಿ ಕರಗಿ ಹಸಿರಾಗಿ ಹೊಳೆಯುವ ಬಣ್ಣದ ಪುಡಿ: ಮೇಲಿನ ಬಾತ್‌ರೂಮಿಗೆ ಸುರಿದ ಬಣ್ಣ ಕೆಳಗಿನ ಮನೆಯ ಒದ್ದೆಯಲ್ಲಿ ಕಂಡರೆ ನೀರು ಅಲ್ಲಿಂದಲೇ ಬರುತ್ತಿದೆ ಎಂದರ್ಥ. ರಾಸಾಯನಿಕ ಹೆಸರು ಸೋಡಿಯಂ ಫ್ಲೋರೆಸಿನ್. ಬಣ್ಣದ ವ್ಯಾಪಾರದಲ್ಲಿ ಆಸಿಡ್ ಯೆಲ್ಲೋ 73. ಮಸ್ಜಿದ್ ಬಂದರಿನ ವಡಗಾದಿಯಲ್ಲೋ ಪ್ರಿನ್ಸೆಸ್ ಸ್ಟ್ರೀಟಿನ ಕೆಮಿಕಲ್ ಅಂಗಡಿಗಳಲ್ಲೋ ಈ ಮೂರರಲ್ಲಿ ಯಾವ ಹೆಸರು ಹೇಳಿದರೂ ನಡೆಯುತ್ತದೆ. ‘ಫ್ಲೋರೊಸೆಂಟ್ ಹಸಿರು’ ಅಂತ ಮಾತ್ರ ಕೇಳಬೇಡಿ, ಪೇಂಟಿಗೆ ಹಾಕುವ ಪಿಗ್ಮೆಂಟ್ ಕೊಟ್ಟುಬಿಡುತ್ತಾರೆ. ಅದು ನೀರಿನಲ್ಲಿ ಕರಗುವುದಿಲ್ಲ, ಸಣ್ಣ ಬಿರುಕಿನಲ್ಲಿ ಸೋಸಿ ನಿಂತುಬಿಡುತ್ತದೆ. ಬಣ್ಣದ ಪುಡಿಗೆ ಉಪ್ಪು ಬೆರೆಸಿ ಬಲ ತಗ್ಗಿಸುವುದು ಈ ವ್ಯಾಪಾರದಲ್ಲಿ ಮಾಮೂಲು, ಹಾಗಾಗಿ ಸ್ಟ್ರೆಂತ್ ಎಷ್ಟು ಅಂತ ಕೇಳಿ ತೆಗೆದುಕೊಳ್ಳಿ. ಒಂದು ಮನೆಗೆ 25 ಗ್ರಾಂ ಧಾರಾಳ.

ಮನೆಯಲ್ಲೇ ಪರೀಕ್ಷಿಸಬಹುದು. ಗಾಜಿನ ಲೋಟದ ನೀರಿಗೆ ಸಾಸಿವೆ ಕಾಳಿನಷ್ಟು ಪುಡಿ ಉದುರಿಸಿ. ಇಟ್ಟಿಗೆ ಕೆಂಪಿನ ಪುಡಿ ಕಿತ್ತಳೆ ಬಣ್ಣದ ಎಳೆಗಳಾಗಿ ಇಳಿದು, ಹರಡುತ್ತ ಹರಡುತ್ತ ಹಸಿರಾಗಿ ಹೊಳೆಯಬೇಕು. ನಾಲ್ಕು ಹನಿ ವಿನಿಗರ್ ಬಿದ್ದರೆ ಹೊಳಪು ಸತ್ತು ಪೇಲವ ಹಳದಿಯಾಗಬೇಕು, ಚಿಟಿಕೆ ಅಡುಗೆ ಸೋಡಾ ಹಾಕಿದರೆ ಮರಳಿ ಬರಬೇಕು. ಬರದಿದ್ದರೆ ಅಂಗಡಿಯವನು ಬೇರೇನೋ ಕೊಟ್ಟಿದ್ದಾನೆ.

ಈ ಹುಳಿ-ಸೋಡಾ ಆಟದಲ್ಲೇ ಪುಡಿಯ ಗುಣವೆಲ್ಲ ಇದೆ. ಫ್ಲೋರೆಸಿನ್ ನೀಲಿ ಬೆಳಕನ್ನು, 490 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನಲ್ಲಿ, ಹೀರಿ 515ರ ಸುತ್ತ ಹಸಿರಾಗಿ ಬಿಡುತ್ತದೆ. ಹುಳಿ-ಕ್ಷಾರದ ಅಳತೆಯಾದ ಪಿಎಚ್ 8ರ ಮೇಲೆ ಹೊಳಪು ಪೂರ್ತಿ, 5ಕ್ಕಿಂತ ಕೆಳಗೆ ಬಹುಪಾಲು ಮಾಯ. ಸಿಮೆಂಟು ಕ್ಷಾರ, ಆದ್ದರಿಂದ ಸ್ಲ್ಯಾಬಿನ ಮೂಲಕ ಇಳಿದ ನೀರಲ್ಲಿ ಹೊಳಪು ಚೆನ್ನಾಗಿಯೇ ಉಳಿಯುತ್ತದೆ. ಕೆಡಿಸುವುದು ಟಾಯ್ಲೆಟ್ ಕ್ಲೀನರ್. ಆಸಿಡ್ ಹಾಕಿ ತೊಳೆದ ಮರುಕ್ಷಣ ಪರೀಕ್ಷೆ ಮಾಡಿದರೆ ಬಣ್ಣ ಕಾಣದೆ ‘ಸೋರಿಕೆ ಇಲ್ಲ’ ಅನ್ನುವ ಸುಳ್ಳು ಸರ್ಟಿಫಿಕೇಟ್ ಸಿಗುತ್ತದೆ. ಬ್ಲೀಚಿಂಗ್ ಪೌಡರ್ ಇನ್ನೂ ಕೆಟ್ಟದ್ದು, ಬಣ್ಣವನ್ನೇ ಒಡೆದುಹಾಕುತ್ತದೆ, ಸೋಡಾದಿಂದಲೂ ಮರಳದು. ಹಿಂದಿನ ದಿನವೇ ಬರೀ ನೀರಿನಲ್ಲಿ ಚೆನ್ನಾಗಿ ತೊಳೆದಿಡಿ.

ಮೊದಲು ಡ್ರೈನ್ ಪೈಪ್ ನೋಡಿ. ಒಂದು ಗ್ರಾಂ ಪುಡಿಯನ್ನು 15 ಲೀಟರಿನ ಬಕೆಟ್ಟಿನಲ್ಲಿ ಕದಡಿ, ಲಾಳಿಕೆ ಇಟ್ಟು ನೇರ ನಹಾಣಿ ಟ್ರ್ಯಾಪಿಗೆ (ಬಾತ್‌ರೂಮಿನ ನೆಲದ ನೀರು ಇಳಿದುಹೋಗುವ ಬಾಯಿ) ಸುರಿಯಿರಿ. ನೆಲಕ್ಕೆ ಒಂದು ಹನಿಯೂ ತಾಗಬಾರದು, ತಾಗಿದರೆ ಪೈಪೋ ನೆಲವೋ ಬೇರ್ಪಡಿಸಲಾಗದು. ಕೆಳಗಿನ ಮನೆಯ ಒದ್ದೆ ಜಾಗಕ್ಕೆ ಬಿಳಿ ಟಿಶ್ಯೂ ಕಾಗದ ಅಂಟಿಸಿ. ಪೈಪಿನ ಜಾಯಿಂಟ್ ಸೋರುತ್ತಿದ್ದರೆ ಬಣ್ಣ ಸಾಮಾನ್ಯವಾಗಿ ಬೇಗ ಇಳಿಯುತ್ತದೆ. ಒಂದು ದಿನ ಕಾದರೂ ಬರದಿದ್ದರೆ ನೆಲಕ್ಕೆ ಬನ್ನಿ. ಟ್ರ್ಯಾಪಿಗೆ ಬಿಗಿಯಾಗಿ ಬೆಣೆ ಹಾಕಿ, ಬಾಗಿಲ ಹೊಸ್ತಿಲಿಗೆ ಒಡ್ಡು ಕಟ್ಟಿ, ಒಂದಿಂಚು ನೀರು ನಿಲ್ಲಿಸಿ. 4 ಅಡಿ ಗುಣಿಸು 6 ಅಡಿಯ ಬಾತ್‌ರೂಮಿಗೆ ಅದು ಸುಮಾರು 57 ಲೀಟರ್, ಅದಕ್ಕೆ 3 ಗ್ರಾಂ ಪುಡಿ ಸಾಕು. ‘ಇನ್ನೊಂದು ಚಮಚ ಇರಲಿ’ ಅಂತ ಸುರಿಯುವವರಿಗೆ ಒಂದು ಮಾತು: ದ್ರಾವಣ ತೀರಾ ಗಟ್ಟಿಯಾದರೆ ಹೊಳಪು ಹೆಚ್ಚದು, ಕುಗ್ಗುತ್ತದೆ. ಹತ್ತು ಲಕ್ಷ ಭಾಗ ನೀರಿಗೆ ಒಂದು ಭಾಗ ಬಣ್ಣವಿದ್ದರೂ ಬರಿಗಣ್ಣಿಗೆ ಹಸಿರು ಕಾಣುತ್ತದೆ.

ನೀರನ್ನು 48 ಗಂಟೆ ಬಿಡಿ. ಮುಂಬೈಯ ಬಾತ್‌ರೂಮುಗಳಲ್ಲಿ ಟೈಲ್ಸ್ ಕೆಳಗೆ ಇಟ್ಟಿಗೆ ಚೂರಿನ ಕೋಬಾ ತುಂಬಿರುತ್ತಾರೆ, ಅದು ಮೊದಲು ತಾನು ಕುಡಿದು ತುಂಬಿಕೊಂಡ ಮೇಲೇ ಕೆಳಗೆ ಬಿಡುವುದು. ನಾಲ್ಕು ಗಂಟೆ ಕಾದು ‘ನೆಲ ಸರಿಯಿದೆ’ ಎಂದು ಬರೆದುಕೊಡುವವರ ವರದಿಗೆ ಬೆಲೆ ಇಲ್ಲ. ಹೊರಗೋಡೆಯೇ ಒದ್ದೆಯಿರುವ ಜೂನ್-ಸೆಪ್ಟೆಂಬರಿನಲ್ಲಿ ಮಾಡಿದ್ದಕ್ಕೂ ಹೆಚ್ಚು ಬೆಲೆ ಕೊಡಲಾಗದು.

ನಲ್ಲಿ ನೀರಿನ ಲೈನಿಗೆ ಈ ಪುಡಿ ಬೇಡ, ಟ್ಯಾಂಕಿಗೆ ಹಾಕುವ ಮಾತೇ ಇಲ್ಲ. ರಾತ್ರಿಯಿಡೀ ವಾಲ್ವ್ ಮುಚ್ಚಿ ತೊಟ್ಟಿಕ್ಕುವುದು ಕಡಿಮೆಯಾಗುತ್ತದೆಯೇ ನೋಡಿದರೆ ಸಾಕು.

ನೋಟು ಪರೀಕ್ಷಿಸುವ ನೇರಳೆ ಟಾರ್ಚು ಎಲ್ಲರೂ ಸಲಹೆ ಮಾಡುತ್ತಾರೆ, ಆದರೆ ಅದರಡಿ ಬಟ್ಟೆ ಸೋಪಿನ ಪುಡಿ, ಟಿಶ್ಯೂ, ಕೆಲವು ಪೇಂಟುಗಳೂ ನೀಲಿಯಾಗಿ ಹೊಳೆದು ಗಲಿಬಿಲಿ ಮಾಡುತ್ತವೆ. ಬೇಕಿರುವುದು ಹಳದಿ-ಹಸಿರು. ನೀಲಿ ಎಲ್‌ಇಡಿ ಟಾರ್ಚು, ಹಳದಿ ಕನ್ನಡಕ ಈ ಕೆಲಸಕ್ಕೆ ಹೆಚ್ಚು ಒಗ್ಗುತ್ತದೆ. ಕಣ್ಣಿನ ಡಾಕ್ಟರು ಕಾರ್ನಿಯಾದ ಗಾಯ ನೋಡುವುದೂ ಇದೇ ಬಣ್ಣ ಹಾಕಿ, ನೀಲಿ ಬೆಳಕಲ್ಲಿ. (ಅವರದು ಸ್ಟೆರೈಲ್ ಪಟ್ಟಿ. ಅಂಗಡಿಯ ಪುಡಿ ಕಣ್ಣಿನ ಹತ್ತಿರವೂ ಸುಳಿಯಬಾರದು.)

ರೋಡಮೈನ್ ಬಿ ಎಂಬ ಇನ್ನೊಂದು ಪುಡಿ ಗುಲಾಬಿ ಬಣ್ಣ ಕೊಡುತ್ತದೆ, ಎರಡು ಬಾತ್‌ರೂಮುಗಳ ನಡುವೆ ಅನುಮಾನವಿದ್ದರೆ ಉಪಯೋಗ. ಆದರೆ ಅದು ಇಟ್ಟಿಗೆ, ಮಣ್ಣಿಗೆ ಹೆಚ್ಚು ಅಂಟಿಕೊಂಡು ದಾರಿಯಲ್ಲೇ ಉಳಿಯುತ್ತದೆ. ಯುರಾನಿನ್ ಅಷ್ಟಾಗಿ ಅಂಟದು. 1877ರಲ್ಲೇ ಜರ್ಮನಿಯಲ್ಲಿ ನೆಲದಲ್ಲಿ ಇಂಗಿಹೋಗುವ ಡ್ಯಾನ್ಯೂಬ್ ನದಿಗೆ ಇದನ್ನು 10 ಕಿಲೋ ಸುರಿದಾಗ, ಸುಮಾರು 60 ಗಂಟೆಯ ಮೇಲೆ ದೂರದ ಆಖ್ ಎಂಬಲ್ಲಿನ ಚಿಲುಮೆ ಹಸಿರಾಯಿತು. ಅಷ್ಟು ದೂರ ಸುಣ್ಣಕಲ್ಲಿನೊಳಗೆ ಹರಿದ ಬಣ್ಣಕ್ಕೆ ಆರಿಂಚಿನ ಸ್ಲ್ಯಾಬ್ ದೊಡ್ಡದಲ್ಲ.

ಕಾಣದ ಬಣ್ಣ ಸೋರಿಕೆ ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ, ಕಂಡ ಬಣ್ಣವೂ ಬಿರುಕಿನ ಜಾಗ ತೋರಿಸದು: ನೀರು ಸ್ಲ್ಯಾಬಿನ ಮೇಲೆ ಪಕ್ಕಕ್ಕೆ ಹರಿದು ಎಲ್ಲೋ ಇಳಿಯಬಹುದು. ಇನ್ನೊಂದು ತೊಂದರೆ ಕಲೆ. ಪೊಟ್ಟಣವನ್ನು ಫ್ಯಾನಿನಡಿ ಬಿಚ್ಚಿದರೆ ಕಾಣದಷ್ಟು ಹಾರಿದ ಪುಡಿ ಸಂಜೆ ನೆಲ ಒರೆಸುವಾಗ ಹಸಿರು ಹೆಜ್ಜೆಗಳಾಗಿ ಏಳುತ್ತದೆ. ಗ್ಲೌಸ್ ಹಾಕಿ, ಬಾತ್‌ರೂಮಿನೊಳಗೇ, ನೀರಿನ ಮೇಲ್ಮೈಗೆ ಹತ್ತಿರ ಹಿಡಿದು ಕರಗಿಸಿ. ಮಾರ್ಬಲ್ ಇದ್ದರೆ ಮೂಲೆಯಲ್ಲಿ ಒಂದು ಹನಿ ಹಾಕಿ ನೋಡಿ. ಬಿಳಿ ಸಿಮೆಂಟಿನ ಸಂದಿಯಲ್ಲಿ ಉಳಿದದ್ದನ್ನು ಪರೀಕ್ಷೆ ಮುಗಿದ ಮೇಲೆ ತೆಳು ಬ್ಲೀಚಿಂಗ್ ನೀರು ತೆಗೆಯುತ್ತದೆ, ಅದೇ ಹೊತ್ತಿಗೆ ಆಸಿಡ್ ಮಾತ್ರ ಬಳಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಉಳಿದ ಪುಡಿ ಗಾಳಿಯಾಡದ ಡಬ್ಬದಲ್ಲಿ, ಕತ್ತಲಲ್ಲಿ ಇರಲಿ. ಕರಗಿಸಿಟ್ಟ ನೀರನ್ನು ಬಿಸಿಲಿಗಿಟ್ಟರೆ ಬಣ್ಣ ಸತ್ತುಹೋಗುತ್ತದೆ, ಆಗಾಗ ಹೊಸದಾಗಿ ಕರಗಿಸಿಕೊಳ್ಳುವುದೇ ಮೇಲು.